ಆ ಬೆರಳಿಗೆ ಎರಡು ಗೆಣ್ಣು

ನಮ್ಮ ಕರೆಂಟ್ ಪ್ಯಾನೆಲ್ ಲ್ಯಾಬ್ ಟೆಸ್ಟಿನಲ್ಲಿ ಫೇಲ್ ಆಗಿದ್ದು ಮಧ್ಯಾಹ್ನ 12.30ಕ್ಕೆ. ಟೈಮ್ ಇಷ್ಟು ಸರಿಯಾಗಿ ನೆನಪಿರೋಕೆ ಕಾರಣ ಇದೆ. ಲ್ಯಾಬ್ ಕ್ಯಾಂಟೀನಿನಲ್ಲಿ ಅವತ್ತು ಬಿಸಿಬೇಳೆಬಾತ್ ಅಂತ ಬೋರ್ಡ್ ಬರೆದಿದ್ದರು. ಬೇಗ ಮುಗಿಸಿ, ಬಾತ್ ತಿಂದು ಹೊರಡೋಣ ಅಂತ ನಮ್ಮ ಹಿರಿಯ ವೈರ್‌ಮನ್ ಬೆಳಗ್ಗೆಯಿಂದ ಹೇಳುತ್ತಲೇ ಇದ್ದರು. ಆಮೇಲೆ ಒಂದು ಪುಟ್ಟ ಬಲ್ಬ್ ಹತ್ತಿತು, ಅಷ್ಟೆ. ಬಾತ್ ತಿಂದೆವು, ಆದರೆ ಇಬ್ಬರೂ ಮಾತಾಡಲಿಲ್ಲ.

ನಾನು ಕೆಲಸ ಮಾಡೋದು ಪೀಣ್ಯದ ಒಂದು ಸಣ್ಣ ಪ್ಯಾನೆಲ್ ಶಾಪ್‌ನಲ್ಲಿ. ಹನ್ನೊಂದು ಜನ ಇದ್ದೇವೆ. ಪಂಪ್ ಸ್ಟಾರ್ಟರ್, ಲೈಟಿಗೆ ಕರೆಂಟ್ ಹಂಚೋ ಡಿಬಿ, ಸಣ್ಣಪುಟ್ಟ ಕಂಟ್ರೋಲ್ ಪ್ಯಾನೆಲ್, ಇವೇ ನಮ್ಮ ಅನ್ನ. ಡ್ರಾಯಿಂಗ್, ಪರ್ಚೇಸ್, ಟೆಸ್ಟಿಂಗ್, ಕೊನೆಗೆ ಟೆಂಪೊ ಮೇಲೆ ಹಗ್ಗ ಬಿಗಿಯೋದು, ಎಲ್ಲ ನನ್ನ ತಲೆಗೇ. ವೈರಿಂಗ್ ಮಾತ್ರ ಹಿರಿಯರದ್ದು. ಅವರನ್ನು ಓನರ್ ಸಮೇತ ಎಲ್ಲರೂ ಅಣ್ಣ ಅಂತಲೇ ಕರೆಯೋದು.

ಆರ್ಡರ್ ಬಂದಿದ್ದು ತುಮಕೂರು ಜಿಲ್ಲೆಯ ಒಂದು ಹಳ್ಳಿಯ ಕುಡಿಯುವ ನೀರಿನ ಪಂಪ್‌ಹೌಸಿಗೆ. 20 ಎಚ್‌ಪಿಯ ಎರಡು ಪಂಪು, ಒಂದು ಓಡೋಕೆ, ಇನ್ನೊಂದು ಸ್ಟ್ಯಾಂಡ್‌ಬೈ. ಎರಡಕ್ಕೂ ಮೋಟರನ್ನು ಮೆತ್ತಗೆ ಎಬ್ಬಿಸೋ ಸ್ಟಾರ್ ಡೆಲ್ಟಾ ಸ್ಟಾರ್ಟರ್, ಕರೆಂಟ್ ಒಳಗೆ ಬರೋ ಕಡೆ 100 ಆಂಪಿಯರ್‌ನ ಎಂಸಿಸಿಬಿ, ಅಂದರೆ ದೊಡ್ಡ ಬ್ರೇಕರ್. ಇಂಥ ಪ್ಯಾನೆಲ್ ಕಣ್ಣು ಮುಚ್ಚಿಕೊಂಡು ಮಾಡುತ್ತೇವೆ. ಈ ಸಲ ಮಾತ್ರ ಕಾಗದದ ಕೊನೇ ಪುಟದಲ್ಲಿ ಹೊಸದೊಂದು ಸಾಲು ಇತ್ತು. ಬಾಕ್ಸು ಕನಿಷ್ಠ ಐಪಿ 2ಎಕ್ಸ್ ಇರಬೇಕು, ಹೊರಗಿನ ಲ್ಯಾಬಿನ ರಿಪೋರ್ಟ್ ಕೊಡಬೇಕು, ಇಲ್ಲದಿದ್ದರೆ ಬಿಲ್ ಪಾಸಾಗಲ್ಲ.

ಐಪಿ ಅಂದರೆ ಮೊಬೈಲ್ ಡಬ್ಬದ ಮೇಲೆ 67, 68 ಅಂತ ಬರೆದಿರುತ್ತಲ್ಲ, ಅದೇ. ಎರಡನೇ ಅಂಕಿ ನೀರಿಗೆ. ಎಲ್ಲರೂ ನೋಡೋದು ಅದನ್ನೇ. ಮೊದಲನೇ ಅಂಕಿಗೆ ಕೆಲಸ ಎರಡು. ಹೊರಗಿನ ಘನ ವಸ್ತು ಒಳಗೆ ಹೋಗಬಾರದು ಅನ್ನೋದು ಒಂದು. ಹೊರಗಿರುವ ಮನುಷ್ಯನ ಕೈ ಒಳಗಿನ ಅಪಾಯದ ಭಾಗಕ್ಕೆ ತಾಕಬಾರದು ಅನ್ನೋದು ಇನ್ನೊಂದು. 1 ಅಂದರೆ ಹಸ್ತ, 2 ಅಂದರೆ ಬೆರಳು, 3 ಅಂದರೆ ಸ್ಕ್ರೂಡ್ರೈವರ್‌ನಂಥ ಟೂಲು, 4 ಅಂದರೆ ತಂತಿ. ಎಕ್ಸ್ ಬರೆದರೆ ಆ ಅಂಕಿಯನ್ನು ಇಲ್ಲಿ ಕೇಳಿಲ್ಲ ಅಂತ ಅರ್ಥ. ಇದೆಲ್ಲ ಐಇಸಿ 60529 ಅನ್ನೋ ಸ್ಟ್ಯಾಂಡರ್ಡ್‌ನಲ್ಲಿದೆ. ನಮ್ಮ ದೇಶದಲ್ಲೂ ಅದನ್ನೇ ಐಎಸ್/ಐಇಸಿ 60529 ಅಂತ ತೆಗೆದುಕೊಂಡಿದ್ದಾರೆ.

ಬೆರಳು ತಾನೇ, ನಮ್ಮ ಹತ್ತಿರ ಹನ್ನೊಂದು ಜನಕ್ಕೂ ಹತ್ತತ್ತು ಇವೆ ಅಂತ ಓನರ್ ನಕ್ಕರು. ನಾವೂ ನಕ್ಕೆವು.

ಲ್ಯಾಬಿಗೆ ಕಳಿಸೋ ಮುಂಚೆ ನಾವೇ ಒಂದು ಸಲ ನೋಡಿದೆವು. ಸಪ್ಲೈ ಇಲ್ಲದ ಪ್ಯಾನೆಲ್, ಆದ್ದರಿಂದ ಭಯ ಇಲ್ಲ. ಬಾಗಿಲು ಹಾಕಿ ಸುತ್ತ ಗಾಳಿಯಾಡೋ ಸೀಳು, ಅಂದರೆ ಲೂವರ್‌ಗಳಿಗೆ ಬೆರಳು ತುರುಕಿದೆವು, ಉಗುರು ಕೂಡ ಹೋಗಲಿಲ್ಲ. ಬಾಗಿಲು ತೆಗೆದರೆ ಎಂಸಿಸಿಬಿಯ ಮುಂದೆ 3 ಎಂಎಂ ಅಕ್ರಿಲಿಕ್ ಶೀಟು, ನಾಲ್ಕು ಸ್ಪೇಸರ್ ಮೇಲೆ. ಒಳಗಿನ ಸ್ಪ್ರೆಡರ್ ಲಿಂಕು, ಥಿಂಬಲ್ಲು, ಅಂದರೆ ಕರೆಂಟ್ ಹರಿಯೋ ಲೋಹದ ಪಟ್ಟಿ, ತಂತಿಯ ತುದಿ ಎಲ್ಲ ಅದರ ಹಿಂದೆ. ಶೀಟಿನ ಬಲಗಡೆ ಅಂಚಿಗೂ ವೈರಿಂಗ್ ಚಾನೆಲ್‌ಗೂ ನಡುವೆ ಒಂದು ಸಂದು ಉಳಿದಿತ್ತು. ಅಣ್ಣ ಅದರಲ್ಲಿ ತೋರುಬೆರಳು ಹಾಕಿ ನೋಡಿದರು. ಮೂವತ್ತು ವರ್ಷ ಪ್ಲೈಯರ್ ಹಿಡಿದ ಬೆರಳದು, ಗೆಣ್ಣಿನ ಹತ್ತಿರ ಮಾವಿನಶುಂಠಿ ಇದ್ದಂಗಿದೆ. ಹೋಗಲಿಲ್ಲ. ನಾನೂ ಹಾಕಿದೆ. ತುದಿ ಹೋಗಿ ಗೆಣ್ಣಿಗೆ ಸಿಕ್ಕಿಕೊಂಡಿತು. ಪಾಸು ಅಂತ ನಾವೇ ಸರ್ಟಿಫಿಕೇಟ್ ಕೊಟ್ಟುಕೊಂಡೆವು.

ಲ್ಯಾಬಿನಲ್ಲಿ ಟೆಸ್ಟ್ ಮಾಡಿದವರು ಒಬ್ಬ ಮೇಡಂ. ಮಾತು ಕಮ್ಮಿ. ಒಂದು ಮರದ ಡಬ್ಬ ತೆಗೆದು ಒಳಗಿದ್ದದ್ದನ್ನು ಟೇಬಲ್ ಮೇಲೆ ಸಾಲಾಗಿ ಇಟ್ಟರು. ನುಣ್ಣಗೆ ಹೊಳೆಯೋ ಗುಂಡು, ಸರಳು, ತಂತಿ. ನಡುವೆ ಆ ಬೆರಳು.

ಅದನ್ನು ಮೊದಲ ಸಲ ನೋಡಿದವರಿಗೆ ನಗು ಬರುತ್ತೆ. ನಿಜವಾಗಲೂ ಬೆರಳೇ, ಲೋಹದ್ದು. 12 ಎಂಎಂ ದಪ್ಪ, 80 ಎಂಎಂ ಉದ್ದ, ಬುಡದಲ್ಲಿ 50 ಎಂಎಂ ಅಗಲದ ಒಂದು ಬಿಲ್ಲೆ. ಆ ಬಿಲ್ಲೆ ನಮ್ಮ ಅಂಗೈ ಇದ್ದ ಹಾಗೆ. ಬೆರಳು ತೂತಿನಲ್ಲಿ ಪೂರ್ತಿ ಹೋದರೂ ಅಂಗೈ ಹೊರಗೆ ನಿಲ್ಲುತ್ತಲ್ಲ, ಆ ಲೆಕ್ಕ. ತುದಿಯಿಂದ 30 ಎಂಎಂಗೆ ಒಂದು ಗೆಣ್ಣು, 60 ಎಂಎಂಗೆ ಇನ್ನೊಂದು. ಎರಡೂ ಒಂದೇ ದಿಕ್ಕಿಗೆ ಮಡಚುತ್ತವೆ, 90 ಡಿಗ್ರಿವರೆಗೆ. ಕೈಗೆ ಕೊಟ್ಟರು. ತಣ್ಣಗಿತ್ತು. ಮಡಚಿ ನೋಡಿದರೆ ಯಾರದೋ ಬೆರಳು ಹಿಡಿದುಕೊಂಡಂತೆ ಮೈ ಜುಂ ಅಂತು.

ಡಬ್ಬದ ಮೂಲೆಯಲ್ಲಿ ಇನ್ನೆರಡು ಪುಟಾಣಿ ಬೆರಳಿದ್ದವು. ಒಂದು 8.6 ಎಂಎಂ, ಇನ್ನೊಂದು 5.6 ಎಂಎಂ. ಇವು ಯಾಕೆ ಅಂತ ಕೇಳಿದೆ. ಮಕ್ಕಳದ್ದು, ನಿಮ್ಮ ಪ್ಯಾನೆಲ್‌ಗಲ್ಲ ಅಂದರು. ಚಿಕ್ಕದು ಮೂರು ವರ್ಷದ ಒಳಗಿನ ಮಗುವಿನ ಬೆರಳಂತೆ. ಮಕ್ಕಳ ಕೈಗೆ ಸಿಗೋ ಸಾಮಾನಿಗೆ ಅದನ್ನು ಬಳಸುತ್ತಾರೆ. ನನ್ನ ಮಗಳಿಗೆ ಆಗ ಎರಡೂವರೆ ವರ್ಷ, ಗೋಡೆಯ ಪ್ಲಗ್ ಪಾಯಿಂಟ್ ಕಂಡರೆ ಸಾಕು, ಓಡಿ ಹೋಗಿ ಬೆರಳು ಇಡೋಳು. ಮನೆಯ ಸಾಕೆಟ್‌ನಲ್ಲಿ ಶಟರ್ ಇದೆ, ಅರ್ತ್ ಪಿನ್ ಉದ್ದ ಇರೋದರಿಂದ ಅದು ಮೊದಲು ಒಳಗೆ ಹೋಗಿ ಶಟರ್ ತೆಗೆಯುತ್ತೆ. ಆದರೆ ಎರಡು ಪಿನ್ನಿನ ಚಾರ್ಜರ್ ಹಾಕೋಕೆ ಮೇಲಿನ ತೂತಿಗೆ ಪೆನ್ನಿನ ಕ್ಯಾಪ್ ತುರುಕೋದು ನಮ್ಮ ಮನೆಯಲ್ಲೂ ನಡೆಯುತ್ತೆ, ಅದೂ ನನ್ನ ಕೈಯಲ್ಲೇ. ಅವತ್ತು ಅದು ಸುಮ್ನೆ ನೆನಪಾಯಿತು.

ಟೆಸ್ಟ್ ಮಾಡೋ ಬಗೆ ಹೀಗೆ. ಪ್ಯಾನೆಲ್‌ಗೆ ಮೇನ್ಸ್ ಕೊಡೋದೇ ಇಲ್ಲ. ಚಾಲೂ ಇದ್ದಾಗ ಕರೆಂಟ್ ಇರೋ ಭಾಗಗಳನ್ನೆಲ್ಲ, ಆರ್, ವೈ, ಬಿ ಅನ್ನೋ ಮೂರು ಫೇಸು, ನ್ಯೂಟ್ರಲ್, ಕಂಟ್ರೋಲ್ ಸರ್ಕ್ಯೂಟ್ ಎಲ್ಲವನ್ನೂ ಸಣ್ಣ ತಾಮ್ರದ ತಂತಿಯಿಂದ ಒಂದಕ್ಕೊಂದು ಸೇರಿಸಿ ಕಟ್ಟುತ್ತಾರೆ. ಆ ಗಂಟಿಗೂ ಲೋಹದ ಬೆರಳಿಗೂ ಮಧ್ಯೆ 40ರಿಂದ 50 ವೋಲ್ಟ್‌ನ ಸಪ್ಲೈ, ಅದರ ಸೀರೀಸ್‌ನಲ್ಲಿ ಒಂದು ಬಲ್ಬು. ಬೆರಳು ಒಳಗೆ ಎಲ್ಲಾದರೂ ತಾಕಿದರೆ ಬಲ್ಬ್ ಹತ್ತುತ್ತೆ. ಹತ್ತಿದರೆ ಫೇಲು.

ಅಲ್ಲೇ ಮೊದಲ ಜಗಳ. ಕರೆಂಟ್ ಹೊರೋ ಲೋಹದ ಪಟ್ಟಿ, ನಮ್ಮ ಬಸ್‌ಬಾರ್‌ಗೆ ಕೆಂಪು, ಹಳದಿ, ನೀಲಿ ಪೇಂಟ್ ಹೊಡೆದಿದ್ದೆವು. ಎರಡು ಕೋಟು, ಚೆನ್ನಾಗಿ ಕಾಣುತ್ತಿತ್ತು. ಮೇಡಂ ಅಡುಗೆಮನೆಯಲ್ಲಿ ಚಪಾತಿ ಸುತ್ತುತ್ತೇವಲ್ಲ, ಅಂಥದೇ ಲೋಹದ ಹಾಳೆ ತೆಗೆದು ಪೇಂಟ್ ಮೇಲೆ ಸುತ್ತೋಕೆ ಶುರು ಮಾಡಿದರು. ಅದನ್ನೂ ತಂತಿಯಿಂದ ಅದೇ ಗಂಟಿಗೆ ಸೇರಿಸಿದರು. ಅಣ್ಣನಿಗೆ ಸಿಟ್ಟು ಬಂತು.

"ಮೇಡಂ, ಅಲ್ಲಿ ಪೇಂಟ್ ಇದೆ."

"ಪೇಂಟು, ವಾರ್ನಿಷ್ ಇನ್ಸುಲೇಶನ್ ಅಂತ ಲೆಕ್ಕಕ್ಕಿಲ್ಲ ಸಾರ್. ಬರಿ ಲೋಹ ಅಂತಲೇ ನೋಡ್ತೀವಿ. ಅದಕ್ಕೇ ಫಾಯಿಲ್."

ಅಣ್ಣ ನನ್ನ ಕಡೆ ನೋಡಿದರು. ನಾನು ಪುಸ್ತಕ ತೆಗೆದು ನೋಡಿದೆ, ಅವರು ಹೇಳಿದ್ದು ಅಕ್ಷರಶಃ ಹಾಗೇ ಇತ್ತು. ಇಷ್ಟು ವರ್ಷ ಪೇಂಟ್ ಹೊಡೆದ ಬಸ್‌ಬಾರ್ ಪಕ್ಕ ಕೈ ಹೋದಾಗ ನಮಗೊಂದು ಧೈರ್ಯ ಇರುತ್ತಿತ್ತು. ಆ ಧೈರ್ಯ ಎಲ್ಲಿಂದ ಬಂದಿತ್ತೋ.

ಮೊದಲು ಗುಂಡು. 12.5 ಎಂಎಂ, ಸುಮಾರು ಮೂರು ಕೆಜಿ ತೂಕದಷ್ಟು ಒತ್ತಬೇಕು, ಲೆಕ್ಕದಲ್ಲಿ 30 ನ್ಯೂಟನ್. ಲೂವರ್‌ಗಳಲ್ಲಿ ಏನೂ ಆಗಲಿಲ್ಲ. ಆಮೇಲೆ ಅವರು ಬಗ್ಗಿ ಕೇಬಲ್ ಒಳಗೆ ಬರೋ ಗ್ಲ್ಯಾಂಡ್ ಪ್ಲೇಟ್ ನೋಡಿದರು. ಮುಂದೆ ಬೇಕಾದೀತು ಅಂತ ಅಲ್ಲಿ 25 ಎಂಎಂನ ಎರಡು ಸ್ಪೇರ್ ತೂತು ಬಿಟ್ಟಿದ್ದೆವು, ರಬ್ಬರ್ ಗ್ರೊಮೆಟ್ ಹಾಕಿ ಮುಚ್ಚಿದ್ದೆವು. ಮೇಡಂ ಗುಂಡು ಇಟ್ಟು ಒತ್ತಿದರು. ಗ್ರೊಮೆಟ್ಟು ಹಲಸಿನ ಬೀಜದ ಥರ ಪುಸಕ್ ಅಂತ ಒಳಗೆ ಹಾರಿತು, ಗುಂಡೂ ಅದರ ಹಿಂದೆಯೇ ಹೋಗಿ ಪ್ಯಾನೆಲ್ ಒಳಗೆ ಠಣ್ ಅಂದಿತು. ಅದನ್ನು ಹುಡುಕೋಕೆ ಹತ್ತು ನಿಮಿಷ ಬೇಕಾಯಿತು.

ಇದು ಸಣ್ಣದು, ಸ್ಕ್ರೂ ಇರೋ ಪ್ಲಗ್ ಹಾಕಿದರೆ ಸರಿ ಹೋಗುತ್ತೆ ಅಂತ ನಾವು ಸಮಾಧಾನ ಮಾಡಿಕೊಂಡೆವು. ಅವರು ಬರೆದುಕೊಂಡು ಮುಂದೆ ಹೋದರು. ಟೇಪ್ ಹಿಡಿದು ಪ್ಯಾನೆಲ್ ಎತ್ತರ ಅಳೆದರು. 1.5 ಮೀಟರ್. ಎತ್ತರ 1.6 ಮೀಟರ್‌ಗಿಂತ ಜಾಸ್ತಿ ಇಲ್ಲದಿದ್ದರೆ ಮೇಲ್ಭಾಗಕ್ಕೆ 1 ಎಂಎಂ ತಂತಿಯ ಟೆಸ್ಟು. ಮೇಲಿಂದ ಏನಾದರೂ ಬೀಳಬಹುದು, ಯಾರಾದರೂ ಇಳಿಬಿಡಬಹುದು ಅಂತ ಇರಬೇಕು. ನಮ್ಮದರ ಮೇಲೆ ತೂತೇ ಇರಲಿಲ್ಲ, ದೇವರು ದೊಡ್ಡವನು.

ಆಮೇಲೆ ಕೇಳಿದರು, "ಈ ಬಾಗಿಲು ತೆಗೆಯೋಕೆ ಕೀ ಬೇಕಾ?"

ಬೇಡ, ನಾಬ್ ತಿರುಗಿಸಿದರೆ ಸಾಕು ಅಂದೆ, ಹೆಮ್ಮೆಯಿಂದಲೇ. ಆಪರೇಟರ್‌ಗೆ ಅನುಕೂಲ ಅಂತ ನಾವೇ ಹಾಕಿದ್ದ ನಾಬು ಅದು.

"ಹಾಗಾದರೆ ಬಾಗಿಲು ತೆಗೆದೂ ಬೆರಳಿನ ಟೆಸ್ಟ್ ಮಾಡಬೇಕು."

ಇದು ಪ್ಯಾನೆಲ್‌ಗಳದ್ದೇ ಸ್ಟ್ಯಾಂಡರ್ಡು, 61439. ಕೀ ಅಥವಾ ಟೂಲ್ ಇಲ್ಲದೆ ಬಾಗಿಲು ತೆಗೆಯಬಹುದು ಅಂದರೆ ಬಾಗಿಲು ಇದ್ದೂ ಇಲ್ಲದ ಹಾಗೆ. ಕೀ ಇಲ್ಲದಿದ್ದರೆ ಸಪ್ಲೈ ಕಟ್ ಆಗದೆ ಬಾಗಿಲು ತೆರೆಯದ ಹಾಗೆ ಇಂಟರ್‌ಲಾಕ್ ಇರಬೇಕು. ನಮ್ಮಲ್ಲಿ ಎರಡೂ ಇರಲಿಲ್ಲ. ಇದ್ದದ್ದು ಅಕ್ರಿಲಿಕ್ ಶೀಟೊಂದೇ.

ಮೇಡಂ ಬೆರಳನ್ನು ನೇರ ಹಿಡಿದು ಬಲಗಡೆಯ ಸಂದಿಗೆ ಇಟ್ಟರು. ಒತ್ತೋದು ಜಾಸ್ತಿ ಏನಿಲ್ಲ, 10 ನ್ಯೂಟನ್, ಒಂದು ಕೆಜಿ ಸಕ್ಕರೆ ಪ್ಯಾಕೆಟ್ಟಿನ ತೂಕ. ನನ್ನದು, ಅಣ್ಣನದು ಸಿಕ್ಕಿಕೊಂಡ ಜಾಗದಲ್ಲಿ ಅದು ಸಲೀಸಾಗಿ ಒಳಗೆ ಹೋಯಿತು. ಬಲ್ಬ್ ಹತ್ತಲಿಲ್ಲ. ಉಸಿರು ಬಿಟ್ಟೆ. ಆಮೇಲೆ ತುದಿಯ ಗೆಣ್ಣೊಂದನ್ನೇ ನಿಧಾನಕ್ಕೆ ಎಡಕ್ಕೆ ಮಡಚಿದರು. ಹತ್ತಲಿಲ್ಲ. ಎರಡನೇ ಗೆಣ್ಣನ್ನೂ ಮಡಚಿದರು. ಬೆರಳು ಶೀಟಿನ ಅಂಚನ್ನು ಸುತ್ತಿ ಅದರ ಬೆನ್ನ ಹಿಂದೆ ಹೋಯಿತು. ಕೊಕ್ಕೆ ಹಾಕಿದ ಹಾಗೆ. ಅಕ್ರಿಲಿಕ್ ಪಾರದರ್ಶಕ ನೋಡಿ, ಎಲ್ಲ ಕಾಣುತ್ತಿತ್ತು. ತುದಿ ಬಿ ಫೇಸ್‌ನ ಸ್ಪ್ರೆಡರ್ ಲಿಂಕ್ ಕಡೆಗೆ ಹೋಗ್ತಾ ಇದೆ, ಹೋಗ್ತಾ ಇದೆ, ಇನ್ನು ಎರಡು ಎಂಎಂ ಅನ್ನುವಾಗ ಅಣ್ಣ ಬಾಯಲ್ಲಿ ಚ್ ಚ್ ಅಂದರು, ಬೆಕ್ಕು ಓಡಿಸೋ ಹಾಗೆ. ಬಲ್ಬ್ ಹತ್ತಿತು.

"ಯಾವ ಮನುಷ್ಯನ ಬೆರಳು ಹಂಗೆ ಮಡಚುತ್ತೆ ಮೇಡಂ?" ಅಂತ ಅಣ್ಣ ತಮ್ಮ ಬೆರಳು ತೋರಿಸಿದರು. ನ್ಯಾಯವಾದ ಪ್ರಶ್ನೆಯೇ. ನೀವೂ ಮಾಡಿ ನೋಡಿ, ತುದಿಯ ಗೆಣ್ಣೊಂದನ್ನೇ ಮಡಚೋಕೆ ಹೋದರೆ ನಡುವಿನದೂ ಜೊತೆಗೆ ಬಂದುಬಿಡುತ್ತೆ. ಮೇಡಂ ವಾದ ಮಾಡಲಿಲ್ಲ. ವರ್ನಿಯರ್ ತೆಗೆದು ಸಂದು ಅಳೆದರು, 14 ಎಂಎಂ ಅಂತ ಬರೆದರು, ಒಂದು ಫೋಟೊ ತೆಗೆದುಕೊಂಡರು. ಅದಾದ ಮೇಲೆ ಬಿಸಿಬೇಳೆಬಾತು.

ವಾಪಸ್ ಬರೋವಾಗ ದಾರಿ ಪೂರ್ತಿ ಅಣ್ಣನದು ಒಂದೇ ಮಾತು, ಇದೆಲ್ಲ ಪುಸ್ತಕದವರ ಆಟ, ಅಂಥ ಬೆರಳು ಯಾರಿಗೂ ಇಲ್ಲ. ನನಗೂ ಅರ್ಧ ಹಾಗೇ ಅನ್ನಿಸಿತ್ತು. ಪ್ಯಾನೆಲ್ ಇಳಿಸಿ ಆಯಿತು, ಟೀ ಬಂತು, ಎಲ್ಲರೂ ಸುತ್ತ ನಿಂತು ಏನಾಯಿತು ಅಂತ ಕೇಳಿದರು. ನಮ್ಮಲ್ಲಿ ತಂತಿಗಳಿಗೆ ನಂಬರಿನ ಫೆರುಲ್ ಹಾಕೋಕೆ, ಟ್ಯಾಗ್ ಮಾಡೋಕೆ ಒಬ್ಬಳು ಹುಡುಗಿ ಇದ್ದಾಳೆ, ಐಟಿಐ ಮುಗಿಸಿ ಬಂದು ಆರು ತಿಂಗಳಾಗಿತ್ತು. ಅಣ್ಣ ಆ ಸಂದು ತೋರಿಸಿ ಕಥೆ ಹೇಳ್ತಾ ಇದ್ದರು. ಅವಳು ಟೀ ಲೋಟ ಎಡಗೈಗೆ ಬದಲಾಯಿಸಿಕೊಂಡು ಬಲಗೈ ಕಿರುಬೆರಳನ್ನು ಸಂದಿಯಲ್ಲಿ ಹಾಕಿದಳು. ಬುಡದ ತನಕ ಹೋಯಿತು. ಸುಮ್ನೆ ಕೊಂಚ ಮಡಚಿದಳು.

"ಇಲ್ಲೇನೋ ತಣ್ಣಗೆ ತಾಗ್ತಿದೆ ಅಣ್ಣ."

ಬಿ ಫೇಸ್.

ಯಾರೂ ಮಾತಾಡಲಿಲ್ಲ. ಅವಳೇ ಅಂದಳು, "ಮೊದಲೇ ನನ್ನ ಕೇಳಿದ್ರೆ ಹೇಳ್ತಿದ್ನಲ್ಲ ಸಾರ್." ನಾವು ಕೇಳಿರಲಿಲ್ಲ. ಹನ್ನೊಂದು ಜನರಲ್ಲಿ ಟೆಸ್ಟ್ ಮಾಡಿದ್ದು ಶಾಪಿನಲ್ಲೇ ದಪ್ಪ ಬೆರಳಿನ ಇಬ್ಬರು ಗಂಡಸರು.

ಮಾರನೇ ದಿನ ಅಣ್ಣನೇ ಪಕ್ಕದ ಲೇತ್ ಶೆಡ್ಡಿಗೆ ಹೋಗಿ ಒಂದು ಬೆರಳು ಮಾಡಿಸಿಕೊಂಡು ಬಂದರು. ಅಸಲಿ ಬೆರಳಿಗೆ ಟಾಲರೆನ್ಸು ಬಹಳ ಬಿಗಿ, ದಪ್ಪ 12ರಿಂದ ಕೆಳಗೆ 0.05 ಎಂಎಂ ತನಕ ಇಳಿಯಬಹುದು, ಮೇಲೆ ಏರೋ ಹಾಗೇ ಇಲ್ಲ. ನಮ್ಮದು ಅಷ್ಟೊಂದು ನಾಜೂಕಿಲ್ಲ, ಗೆಣ್ಣಿಗೆ ಸಣ್ಣ ಪಿನ್ನು, ಬುಡಕ್ಕೆ ಒಂದು ವಾಷರ್. ಸರ್ಟಿಫಿಕೇಟಿಗೆ ಆಗಲ್ಲ, ಆದರೆ ತಪ್ಪು ಹುಡುಕೋಕೆ ಧಾರಾಳ ಸಾಕು. ಬಲ್ಬಿನ ಬದಲು ಮಲ್ಟಿಮೀಟರನ್ನು ಕಂಟಿನ್ಯುಟಿಗೆ ಇಟ್ಟು ಒಂದು ಲೀಡ್ ಬೆರಳಿಗೆ, ಒಂದು ಗಂಟಿಗೆ. ತಾಕಿದರೆ ಕುಂಯ್ ಅನ್ನುತ್ತೆ. ಆ ಒಂದು ಮಧ್ಯಾಹ್ನ ಶಾಪಿನಲ್ಲಿದ್ದ ಬೇರೆ ನಾಲ್ಕು ಪ್ಯಾನೆಲ್‌ಗೂ ಹಿಡಿದೆವು. ನಾಲ್ಕೂ ಕುಂಯ್ ಅಂದವು. ಒಂದರಲ್ಲಂತೂ ಮೀಟರ್ ಕೂರಿಸೋಕೆ ಕೊರೆದು ಖಾಲಿ ಬಿಟ್ಟಿದ್ದ ಚೌಕದಿಂದ ನೇರ ಬಸ್‌ಬಾರ್‌ಗೇ ದಾರಿ.

ಪಂಪ್‌ಹೌಸ್ ಪ್ಯಾನೆಲ್ ರಿಪೇರಿ ಮಾಡೋದೇನೂ ದೊಡ್ಡದಾಗಿರಲಿಲ್ಲ. ಅಕ್ರಿಲಿಕ್ ಬದಲು ಪಾಲಿಕಾರ್ಬೊನೇಟ್ ಹಾಕಿದೆವು, ಒತ್ತಿದರೆ ಬಿರುಕು ಬಿಡಲ್ಲ ಅಂತ. ಎರಡೂ ಅಂಚನ್ನು ಒಳಕ್ಕೆ ಎಲ್ ಆಕಾರಕ್ಕೆ ಬಗ್ಗಿಸಿದೆವು, ಸಂದು 4 ಎಂಎಂಗೆ ಬಂತು. ಈ ಸಲ ಶೀಟನ್ನು ಎಂಸಿಸಿಬಿಗೆ ನಿಲ್ಲಿಸದೆ ಕೆಳಗಿನ ಕಾಂಟ್ಯಾಕ್ಟರ್‌ಗಳ, ಅಂದರೆ ಕಾಯಿಲ್ ಎಳೆದಾಗ ಮೋಟರ್‌ಗೆ ಕರೆಂಟ್ ಬಿಡೋ ಸ್ವಿಚ್‌ಗಳ ಮುಂದಕ್ಕೂ ಎಳೆದೆವು. ಗ್ಲ್ಯಾಂಡ್ ಪ್ಲೇಟಿಗೆ ಸ್ಕ್ರೂ ಪ್ಲಗ್. ನಾಬ್ ತೆಗೆದು ಕೀ ಹಾಕೋಣ ಅಂತ ನಾನು ಹೇಳಿದೆ, ಓನರ್ ಬೇಡ ಅಂದರು. ಹಳ್ಳಿಯಲ್ಲಿ ಕೀ ಕಳೆದುಹೋಗುತ್ತೆ, ಬಾಗಿಲನ್ನು ಕಬ್ಬಿಣ ಹಾಕಿ ಮೀಟಿ ತೆಗೀತಾರೆ, ಆಮೇಲೆ ಬಾಗಿಲೂ ಇಲ್ಲ ಕೀನೂ ಇಲ್ಲ. ಅವರು ಹೇಳೋದರಲ್ಲಿ ಸತ್ಯ ಇತ್ತು. ಅವರದ್ದೇ ಇನ್ನೊಂದು ಆತಂಕ, ಕಾಂಟ್ಯಾಕ್ಟರ್ ಮುಂದೆ ಪೂರ್ತಿ ಮುಚ್ಚಿದರೆ ಶಾಖ ನಿಲ್ಲುತ್ತಲ್ಲ ಅಂತ. ಅದಕ್ಕೆ ಶೀಟಿನಲ್ಲಿ 8 ಎಂಎಂ ತೂತುಗಳನ್ನು ಸಾಲಾಗಿ ಕೊರೆದೆವು. 12 ಎಂಎಂ ಬೆರಳು 8 ಎಂಎಂ ತೂತಿನಲ್ಲಿ ಹೋಗೋ ಮಾತೇ ಇಲ್ಲ.

ಮೂರು ವಾರ ಬಿಟ್ಟು ಮತ್ತೆ ಲ್ಯಾಬು. ಅದೇ ಮೇಡಂ, ಅದೇ ಡಬ್ಬ. ಅವರು ಫಾಯಿಲ್ ತೆಗೆಯೋ ಮುಂಚೆ ಅಣ್ಣನೇ ಜೇಬಿನಿಂದ ಒಂದು ಸುರುಳಿ ತೆಗೆದು ಕೊಟ್ಟರು, ಮೇಡಂ ಅವತ್ತು ಮೊದಲ ಸಲ ನಕ್ಕರು. ಬೆರಳನ್ನು ಎಲ್ಲ ಸಂದಿಗೂ ಇಟ್ಟರು, ಎಲ್ಲ ಕಡೆಗೂ ಮಡಚಿದರು. ತೂತುಗಳ ಮೇಲೆ ಒಂದೊಂದಾಗಿ ಒತ್ತಿದರು, ತುದಿ ಸ್ವಲ್ಪ ಇಳಿದು ನಿಂತಿತು. ಬಲ್ಬ್ ಹತ್ತಲಿಲ್ಲ. 11 ಗಂಟೆಗೆಲ್ಲ ಮುಗಿಯಿತು. ಕ್ಯಾಂಟೀನಿನಲ್ಲಿ ಅವತ್ತು ಬರಿ ಚಿತ್ರಾನ್ನ.

ರಿಪೋರ್ಟ್ ಬಂತು, ಪ್ಯಾನೆಲ್ ಹೋಯಿತು, ಬಿಲ್ಲೂ ಪಾಸಾಯಿತು.

ಮೂರು ತಿಂಗಳ ಮೇಲೆ ಟೈಮರ್ ಕೆಟ್ಟಿದೆ ಅಂತ ಫೋನ್ ಬಂದು ನಾನೇ ಹೋದೆ. ಪಂಪ್‌ಹೌಸ್ ಊರಾಚೆ, ಕೆರೆ ಏರಿಯ ಕೆಳಗೆ. ನೀರುಗಂಟಿ ಬೀಗ ತೆಗೆದರು. ವಯಸ್ಸಾದವರು. ಹೆಗಲ ಮೇಲೆ ಟವೆಲ್ಲು, ಕಾಲಲ್ಲಿ ಹವಾಯಿ ಚಪ್ಪಲಿ. ಪ್ಯಾನೆಲ್ ಬಾಗಿಲು ಆಗಲೇ ಹಾರು ಹೊಡೆದುಕೊಂಡಿತ್ತು. ಹಾಕಿಕೊಳ್ಳಲ್ವಾ ಅಂದೆ. ದಿನಕ್ಕೆ ಹತ್ತು ಸಲ ಯಾರು ತೆಗೀತಾರೆ ಸಾರ್ ಅಂದರು. ಶೀಟು ಮಾತ್ರ ಹಾಗೇ ಇತ್ತು, ಒಂದು ಸ್ಕ್ರೂ ಕೂಡ ಬಿಚ್ಚಿರಲಿಲ್ಲ. ನನಗೆ ಖುಷಿಯಾಯಿತು.

ಟೈಮರ್ ಬದಲಾಯಿಸಿ ಸ್ಟಾರ್ಟ್ ಒತ್ತಿದೆ. ವೋಲ್ಟೇಜ್ ಕಮ್ಮಿ ಇತ್ತು, ಕಾಂಟ್ಯಾಕ್ಟರ್ ಗುರ್ ಅಂದು ಬಿಟ್ಟುಕೊಂಡಿತು. ಕಾಯಿಲ್ ಮೊದಲು ಎಳೆದುಕೊಳ್ಳೋಕೆ ಅದರ ಮೇಲೆ ಬರೆದ ವೋಲ್ಟೇಜಿನ ಶೇ 85ರಷ್ಟಾದರೂ ಬೇಕು, ಒಂದು ಸಲ ಹಿಡಿದುಕೊಂಡರೆ ಕಮ್ಮಿಯಲ್ಲೂ ನಿಲ್ಲುತ್ತೆ. ನಾನು ಅದನ್ನೇ ವಿವರಿಸೋಕೆ ಬಾಯಿ ತೆಗೆದೆ.

"ಅದಕ್ಕೇನ್ ಸಾರ್, ತಾಳಿ," ಅಂತ ನೀರುಗಂಟಿ ಗೋಡೆಯ ಗೂಡಿನಿಂದ ಒಂದು ಬಿದಿರು ಕಡ್ಡಿ ತೆಗೆದರು. ಒಂದು ಗೇಣಿಗಿಂತ ಸ್ವಲ್ಪ ಉದ್ದ, ಹಿಡಿದು ಹಿಡಿದು ನುಣುಪಾಗಿತ್ತು. ಶೀಟಿನ ಎರಡನೇ ಸಾಲು, ಎಡದಿಂದ ಮೂರನೇ ತೂತು. ನೋಡದೇನೇ ಹಾಕಿದರು. ಆ ಒಂದು ತೂತಿನ ಅಂಚು ಮಾತ್ರ ಕೈ ಕೊಳೆಗೆ ಕಪ್ಪಾಗಿತ್ತು. ಟಕ್ ಅಂತ ಕಾಂಟ್ಯಾಕ್ಟರ್ ಒಳಗೆ ಹೋಯಿತು, ಮೋಟರ್ ಎದ್ದಿತು.

"ತೂತು ಮಾಡಿಸಿ ಒಳ್ಳೇದ್ ಮಾಡಿದ್ರಿ ಸಾರ್. ಮುಂಚಿನ ಡಬ್ಬಿಲಿ ಕೈ ಹಾಕ್ಬೇಕಾಗಿತ್ತು."

ಕಡ್ಡಿ ಕೊಡಿ ಅಂತ ಇಸ್ಕೊಂಡು ಬ್ಯಾಗಿನಿಂದ ವರ್ನಿಯರ್ ತೆಗೆದೆ. 7 ಎಂಎಂ.